ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಕಲಿಕೆ

ಪಾಠ ಮುಗಿಸಿ ಚಾಕ್‌ಪೀಸ್ ಕೆಳಗಿಡುವ ಮುನ್ನ ನಮ್ಮ ತರಗತಿಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆ: "ಅರ್ಥ ಆಯ್ತಾ?" ಉತ್ತರವೂ ತಪ್ಪದೆ ಒಕ್ಕೊರಲಿನಲ್ಲಿ ಬರುತ್ತದೆ: "ಆಯ್ತು ಸಾರ್." ಆ ಉತ್ತರ ಸುಳ್ಳಲ್ಲ. ಬೋರ್ಡಿನ ಮೇಲೆ ಚಿತ್ರ ಇನ್ನೂ ಇದೆ, ಮೇಷ್ಟ್ರ ಮಾತು ಕಿವಿಯಲ್ಲಿದೆ, ಪುಸ್ತಕ ಎದುರಿಗೆ ತೆರೆದುಕೊಂಡಿದೆ. ಆ ಹೊತ್ತಿಗೆ ಮಕ್ಕಳಿಗೆ ಎಲ್ಲವೂ ತಿಳಿದೇ ಇರುತ್ತದೆ. ಮುಂದಿನ ವಾರ ಅದೇ ಪಾಠದ ಮೇಲೆ ಪ್ರಶ್ನೆ ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಹೇಳಿಕೊಟ್ಟಾಗ ತಲೆಯಾಡಿಸಿದವರು ಈಗೇಕೆ ಹೀಗೆ ಎಂದು ಮೇಷ್ಟ್ರಿಗೆ ಸಿಟ್ಟು. ತಮ್ಮ ತಲೆಗೇ ಏನೂ ಹತ್ತುವುದಿಲ್ಲವೇನೋ ಎಂದು ಮಕ್ಕಳಿಗೆ ಅಳುಕು.

ತಿಳಿಯುವುದು ಬೇರೆ, ತಿಳಿದದ್ದು ಉಳಿಯುವುದು ಬೇರೆ. ಎರಡನೆಯದು ಹೇಗೆ ನಡೆಯುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ನೂರು ವರ್ಷಕ್ಕೂ ಮೇಲ್ಪಟ್ಟು ಪರೀಕ್ಷಿಸಿ ನೋಡಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ತರಗತಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಒಂದಿದೆ: ಪಾಠವನ್ನು ತಲೆಗೆ ತುಂಬುವಾಗಿನದಕ್ಕಿಂತ, ತಲೆಯಿಂದ ಹೊರಗೆ ತೆಗೆಯಲು ಒದ್ದಾಡುವಾಗ ಅದು ಹೆಚ್ಚು ಗಟ್ಟಿಯಾಗುತ್ತದೆ. ಪರೀಕ್ಷೆಯೆಂದರೆ ಕಲಿತದ್ದನ್ನು ಅಳೆಯುವ ಕೋಲು ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಕಲಿಸುವ ಸಾಧನವೂ ಹೌದು, ಅದೂ ಬಹಳ ಬಲವಾದ ಸಾಧನ.

ನಮ್ಮ ಶಿಕ್ಷಕರಿಗೆ ಮನೋವಿಜ್ಞಾನ ಹೊಸತೇನಲ್ಲ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುಮಾಡಿದ್ದು 1924ರಲ್ಲಿ. ಇವತ್ತು ಡಿ.ಎಡ್., ಬಿ.ಎಡ್. ಮಾಡಿದವರೆಲ್ಲ ಪಾವ್ಲೋವ್, ಥಾರ್ನ್‌ಡೈಕ್, ಸ್ಕಿನ್ನರ್, ಪಿಯಾಜೆ ಎಂದು ಓದಿಯೇ ಬರುತ್ತಾರೆ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ಅವರ ಮೇಲೆ ಪ್ರಶ್ನೆಗಳೂ ಬರುತ್ತವೆ. ಆದರೆ ಪಾವ್ಲೋವ್ ಅವರ ನಾಯಿಯ ಜೊಲ್ಲಿನ ಪ್ರಯೋಗ ತಿಳಿದ ಮಾತ್ರಕ್ಕೆ ನಾಳೆ ಬೆಳಿಗ್ಗೆ ಏಳನೇ ತರಗತಿಯ ಮೊದಲ ಪೀರಿಯಡ್ ಬದಲಾಗುವುದಿಲ್ಲ. ನೆನಪಿನ ಮೇಲಿನ ಸಂಶೋಧನೆ ತಿಳಿದರೆ ಬದಲಾಗುತ್ತದೆ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಓದಲು ಕೊಟ್ಟದ್ದು ಸೂರ್ಯನ ಬಗ್ಗೆ ಒಂದು, ಕಡಲ ನೀರುನಾಯಿಯ ಬಗ್ಗೆ ಒಂದು, ಇಂಥ ಚಿಕ್ಕ ಗದ್ಯಭಾಗಗಳು. ಒಂದು ಗುಂಪಿಗೆ ಐದೈದು ನಿಮಿಷದ ನಾಲ್ಕು ಅವಧಿಗಳಲ್ಲೂ ಓದುವುದೇ ಕೆಲಸ. ಇನ್ನೊಂದು ಗುಂಪು ಓದಿದ್ದು ಮೊದಲ ಅವಧಿಯಲ್ಲಿ ಮಾತ್ರ. ಉಳಿದ ಮೂರು ಅವಧಿಗಳಲ್ಲಿ ಗದ್ಯಭಾಗವನ್ನು ಕಿತ್ತುಕೊಂಡು, ಖಾಲಿ ಹಾಳೆ ಕೊಟ್ಟು, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಮೊದಲ ಗುಂಪಿನವರು ಸರಾಸರಿ 14 ಸಲ ಓದಿ ಮುಗಿಸಿದ್ದರು. ಎರಡನೆಯವರು ಮೂರೂವರೆ ಸಲವೂ ಓದಿರಲಿಲ್ಲ. ತಪ್ಪು ಬರೆದರೆ ತಿದ್ದುವವರೂ ಇರಲಿಲ್ಲ.

ಐದು ನಿಮಿಷ ಬಿಟ್ಟು ಪರೀಕ್ಷೆ ಇಟ್ಟಾಗ ಓದುತ್ತಲೇ ಇದ್ದವರು ಗೆದ್ದರು: ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಇಟ್ಟಾಗ ಲೆಕ್ಕ ತಿರುಗುಮುರುಗಾಯಿತು. ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಮಾಹಿತಿ. ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಉತ್ತರಿಸಿದವರು ನಾಲ್ಕೂ ಅವಧಿ ಓದಿದ ಗುಂಪಿನವರು. ಹೆಚ್ಚು ಮರೆಯಲಿದ್ದವರಿಗೇ ಹೆಚ್ಚು ಭರವಸೆ.

ಕಾರಣ ಹುಡುಕುವುದು ಕಷ್ಟವಲ್ಲ. ಅದೇ ಪುಟವನ್ನು ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ, ಕಣ್ಣು ಸಲೀಸಾಗಿ ಜಾರುತ್ತದೆ. ಆ ಸಲೀಸನ್ನೇ ನಾವು ಕಲಿಕೆ ಎಂದು ತಿಳಿಯುತ್ತೇವೆ. ಬಸ್ಸಿನಲ್ಲಿ ದಿನಾ ಕಾಣುವವರ ಮುಖ ಚೆನ್ನಾಗಿ ಗೊತ್ತಿದ್ದೂ ಹೆಸರು ಕೇಳಿದರೆ ಬಾಯಿಗೆ ಬರುವುದಿಲ್ಲವಲ್ಲ, ಹಾಗೆ. ಪರೀಕ್ಷೆಯ ಹಾಳೆ ಕೇಳುವುದು ಹೆಸರನ್ನೇ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಕೂತಾಗ ತಿಣುಕಬೇಕಾಗುತ್ತದೆ, ಅರ್ಧಕ್ಕೆ ನಿಲ್ಲಬೇಕಾಗುತ್ತದೆ. ಓದು ಸರಿಯಾಗಿಲ್ಲ ಎಂದು ಆಗ ಅನ್ನಿಸುತ್ತದೆ. ಆದರೆ ನೆನಪು ಕೆಲಸ ಮಾಡುವುದು ಆ ತಿಣುಕಾಟದಲ್ಲೇ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಾಬರ್ಟ್ ಬ್ಯೋರ್ಕ್ ಇಂಥವನ್ನು 'ಬೇಕಾದ ಕಷ್ಟಗಳು' ಎಂಬರ್ಥದ ಹೆಸರಿಟ್ಟು ಕರೆದರು.

ಇದು ಕಾಲೇಜು ಹುಡುಗರಿಗೆ ಮಾತ್ರ ಸಲ್ಲುವ ಮಾತಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬುವರು ಆರನೇ ತರಗತಿಯ 3,605 ಮಕ್ಕಳಿಗೆ ಕಡಲೆಕಾಯಿ, ಬಿದಿರು ಇಂಥ ವಿಷಯಗಳ ಮೇಲೆ ಲೇಖನ ಓದಿಸಿ, ಬೇರೆ ಬೇರೆ ದಿನಗಳಲ್ಲಿ ಪ್ರಶ್ನೆ ಕೊಟ್ಟು ನೋಡಿ, 1939ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಿದ ಬೆನ್ನಿಗೇ ಪ್ರಶ್ನೆ ಎದುರಿಸಿದ ಮಕ್ಕಳು ವಾರಗಳ ನಂತರವೂ ಮುಂದಿದ್ದರು. ಹೀಗೆ ವಿಷಯ ಬಹಳ ಹಿಂದೆಯೇ ಗೊತ್ತಿತ್ತು. ತರಗತಿಯ ಬಾಗಿಲು ದಾಟಿ ಒಳಗೆ ಬರಲಿಲ್ಲ, ಅಷ್ಟೆ.

ಹಾಗಾದರೆ 50 ಮಕ್ಕಳಿರುವ ಕೋಣೆಯಲ್ಲಿ, 40 ನಿಮಿಷದ ಪೀರಿಯಡ್‌ನಲ್ಲಿ ಇದನ್ನು ಮಾಡುವುದು ಹೇಗೆ? ಮೊದಲ ಐದಾರು ನಿಮಿಷ ಸಾಕು. ಏಳನೇ ತರಗತಿಯ ವಿಜ್ಞಾನ ಅಂದುಕೊಳ್ಳಿ. ಮೇಷ್ಟ್ರು ಒಳಗೆ ಬಂದವರೇ ಪುಸ್ತಕ ಮುಚ್ಚಿಸಿ, ರಫ್ ಬುಕ್ ತೆಗೆಸಿ, ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯುತ್ತಾರೆ. ನಿನ್ನೆಯ ಪಾಠದ್ದು: ಸಣ್ಣ ಕರುಳಿನ ಒಳಗೋಡೆಯಲ್ಲಿರುವ ವಿಲ್ಲೈಗಳ ಕೆಲಸವೇನು? ಕಳೆದ ವಾರದ್ದು: ಜೊಲ್ಲುರಸ ಯಾವುದನ್ನು ಒಡೆಯುತ್ತದೆ? ಕಳೆದ ತಿಂಗಳದ್ದು: ಕಸ್ಕ್ಯೂಟ ಬಳ್ಳಿ ಹಸಿರಾಗಿಲ್ಲ, ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಎಲ್ಲರೂ ಬರೆಯಬೇಕು, ಯಾರೂ ಬಾಯಿಬಿಟ್ಟು ಹೇಳಬಾರದು. ಗೊತ್ತಿಲ್ಲದಿದ್ದರೂ ತೋಚಿದ್ದನ್ನು ಬರೆಯಬೇಕು. ಅಷ್ಟರಲ್ಲಿ ಮೇಷ್ಟ್ರು ಬೆಂಚುಗಳ ನಡುವೆ ಒಂದು ಸುತ್ತು ಹಾಕುತ್ತಾರೆ.

ಆ ಸುತ್ತಿನಲ್ಲಿ ಕಣ್ಣಿಗೆ ಬೀಳುವುದು ಬೇರೆ ಯಾವ ದಾರಿಯಲ್ಲೂ ಸಿಗುವುದಿಲ್ಲ. "ವಿಲ್ಲೈಗಳು ಆಹಾರವನ್ನು ಜೀರ್ಣ ಮಾಡುತ್ತವೆ" ಎಂದು ಒಬ್ಬಳು ಬರೆದಿದ್ದಾಳೆ. ಪಕ್ಕದವಳೂ ಹಾಗೇ ಬರೆದಿದ್ದರೆ ಅದು ನಕಲು ಇರಬಹುದು. ಆಚೆ ಸಾಲಿನ ಇಬ್ಬರು ಹುಡುಗರೂ ಅದನ್ನೇ ಬರೆದಿದ್ದರೆ ತೊಡಕು ಪಾಠದಲ್ಲಿದೆ: ಜೀರ್ಣವಾಗುವುದಕ್ಕೂ ಹೀರಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನಿನ್ನೆ ಮಕ್ಕಳಿಗೆ ದಾಟಿಲ್ಲ. "ಅರ್ಥ ಆಯ್ತಾ?" ಎಂದು ಹತ್ತು ಸಲ ಕೇಳಿದರೂ ಇದು ಹೊರಬರುತ್ತಿರಲಿಲ್ಲ. ಮೇಷ್ಟ್ರು ಅಲ್ಲೇ ನಿಂತು ಎರಡು ಮಾತಿನಲ್ಲಿ ಅದನ್ನು ಬಿಡಿಸಿ ಹೇಳುತ್ತಾರೆ, ಸರಿಯುತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ತಮ್ಮದನ್ನು ತಾವೇ ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿಕೊಳ್ಳುತ್ತಾರೆ. ಈ ತಿದ್ದುವ ಕೆಲಸವನ್ನು ಬಿಡಬಾರದು. ತಪ್ಪು ಉತ್ತರವನ್ನು ಹಾಗೇ ಬಿಟ್ಟರೆ ಅದೇ ಗಟ್ಟಿಯಾಗುವ ಅಪಾಯವಿದೆ.

ಇಷ್ಟಕ್ಕೂ ಅಂಕ ಕೊಡಕೂಡದು. ಇದರಲ್ಲಿ ರಾಜಿಯಿಲ್ಲ. ಅಂಕ ಬಂದೊಡನೆ ಮಗು ನೆನಪಿಸಿಕೊಳ್ಳುವುದನ್ನು ಬಿಟ್ಟು ಪಕ್ಕದವರ ಪುಸ್ತಕ ನೋಡುತ್ತದೆ, ಇಲ್ಲವೇ ಹೆದರಿ ಏನೂ ಬರೆಯದೆ ಕೂರುತ್ತದೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಐದು, ಆರನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಲಿಖಿತ ಸಲಹೆ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟರು. ಮುಂದಿನ ಕೆಲಸದಲ್ಲಿ ಸುಧಾರಿಸಿದವರು ಸಲಹೆ ಮಾತ್ರ ಪಡೆದವರು. ಅಂಕ ಮತ್ತು ಸಲಹೆ ಎರಡೂ ಸಿಕ್ಕವರಿಗೆ ಸಲಹೆಯಿಂದ ಲಾಭವಾಗಲಿಲ್ಲ. ಉತ್ತರಪತ್ರಿಕೆ ಕೈಗೆ ಬಂದಾಗ ನಮ್ಮ ಮಕ್ಕಳು ಏನು ಮಾಡುತ್ತಾರೆ ನೋಡಿ: ಮೂಲೆಯ ಅಂಕಕ್ಕೆ ಕಣ್ಣು ಹೋಗುತ್ತದೆ, ಪಕ್ಕದವರದ್ದಕ್ಕೆ ಹೋಲಿಸುತ್ತದೆ, ಒಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಓದುವವರು ಇಲ್ಲ. ಮೇಷ್ಟ್ರು ಅದಕ್ಕಾಗಿ ಭಾನುವಾರ ಪೂರ್ತಿ ಕೂತಿರುತ್ತಾರೆ.

ಬಾಯಿಮಾತಿನ ಪ್ರಶ್ನೆಗಳಿಗೂ ಒಂದು ಕ್ರಮ ಬೇಕು. ತರಗತಿ ಒಕ್ಕೊರಲಿನಲ್ಲಿ ಉತ್ತರ ಕೂಗಿದಾಗ ಮುಂದಿನ ಬೆಂಚಿನ ಐದು ಮಂದಿ ಇಡೀ ಕೋಣೆಯನ್ನು ಹೊತ್ತು ನಡೆಯುತ್ತಿರುತ್ತಾರೆ. "ರಮೇಶ, ಹೇಳು" ಎಂದು ಮೊದಲೇ ಹೆಸರು ಕರೆದರೆ ಉಳಿದವರೆಲ್ಲ ನಿಟ್ಟುಸಿರು ಬಿಟ್ಟು ಯೋಚನೆ ನಿಲ್ಲಿಸುತ್ತಾರೆ. ಆದ್ದರಿಂದ ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಆ ಮೌನ ಎಷ್ಟಿರಬೇಕು? ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟೇ ಎಂದು ತಿಳಿಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮೂರು ಸೆಕೆಂಡ್ ಕೇಳಲು ಏನೂ ಅಲ್ಲ. ತರಗತಿಯ ಮುಂದೆ ನಿಂತವರಿಗೆ ಮಾತ್ರ ಅದು ಬಹಳ ಉದ್ದ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿಕೊಳ್ಳದೆ ಅಭ್ಯಾಸವಾಗುವುದಿಲ್ಲ.

ಮೇಲಿನ ಮೂರು ಪ್ರಶ್ನೆಗಳಲ್ಲಿ ಕಳೆದ ವಾರದ್ದೂ ಕಳೆದ ತಿಂಗಳದ್ದೂ ಏಕೆ ಸೇರಿದವು? ಮರೆವಿಗೂ ಒಂದು ನಡೆ ಇದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಅಳೆದು, 1885ರಲ್ಲಿ ಪುಸ್ತಕ ಬರೆದರು. 20 ನಿಮಿಷದ ನಂತರ ಉಳಿದದ್ದು ಶೇ. 58, ಒಂದು ದಿನದ ನಂತರ ಶೇ. 34, 31 ದಿನದ ನಂತರ ಶೇ. 21. ಅರ್ಥವಿರುವ ಪಾಠ ಇಷ್ಟು ಬೇಗ ಅಳಿಸಿಹೋಗುವುದಿಲ್ಲ. ಆದರೂ ಮೊದಲ ದಿನಗಳಲ್ಲಿ ದಡದಡನೆ ಇಳಿದು ಆಮೇಲೆ ನಿಧಾನವಾಗುವ ಆ ರೀತಿ ಎಲ್ಲ ಕಲಿಕೆಗೂ ಇದೆ. ಒಂದಿಷ್ಟು ಮರೆಯಲು ಬಿಟ್ಟು, ಪೂರ್ತಿ ಅಳಿಸುವ ಮುನ್ನ ನೆನಪಿಸಿದರೆ ಮುಂದಿನ ಇಳಿತ ನಿಧಾನವಾಗುತ್ತದೆ. ಅಂತರ ಎಷ್ಟಿರಬೇಕೆಂದು ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ನೋಡಿದಾಗ, ವಾರದ ನಂತರದ ಪರೀಕ್ಷೆಗೆ ಒಂದು ದಿನದ ಅಂತರವೂ, ಸುಮಾರು ಒಂದು ವರ್ಷದ ನಂತರದ ಪರೀಕ್ಷೆಗೆ ಮೂರು ವಾರದ ಅಂತರವೂ ಹೆಚ್ಚು ಫಲ ಕೊಟ್ಟವು. ಜೂನ್‌ನಲ್ಲಿ ಮಾಡಿದ ಪಾಠ ಮಾರ್ಚಿಗೆ ಬೇಕಿದ್ದರೆ ಅದನ್ನು ಜುಲೈನಲ್ಲಿ, ದಸರಾ ರಜೆಯ ಮುನ್ನ, ಡಿಸೆಂಬರಿನಲ್ಲಿ ಎರಡೆರಡು ಪ್ರಶ್ನೆಗಳಿಂದಾದರೂ ಮುಟ್ಟಬೇಕು. ವರ್ಷವಿಡೀ ಮುಟ್ಟದೆ ಇಟ್ಟು ಜನವರಿಯಿಂದ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್ ಎಂದು ಉರುಹೊಡೆಸಿದರೆ ಮಗು ಪಾಸಾಗಬಹುದು. ಆದರೆ ಪಿಯುಸಿಯ ಮೊದಲ ತಿಂಗಳಲ್ಲಿ ಅದೇ ಮಗು ಬರಿಗೈಯಲ್ಲಿ ಕೂತಿರುತ್ತದೆ.

ಗಣಿತದಲ್ಲಿ ಅಂತರದ ಜೊತೆ ಬೆರಕೆಯೂ ಬೇಕು. ನಮ್ಮ ಅಭ್ಯಾಸದ ಲೆಕ್ಕಗಳು ಹೇಗಿರುತ್ತವೆ? ಸಿಲಿಂಡರಿನ ಪಾಠದ ಕೆಳಗೆ ಹತ್ತೂ ಲೆಕ್ಕ ಸಿಲಿಂಡರಿನವೇ, ಶಂಕುವಿನ ಕೆಳಗೆ ಶಂಕುವಿನವೇ. ಎರಡನೇ ಲೆಕ್ಕದಿಂದಾಚೆ ಮಗು ಪ್ರಶ್ನೆ ಓದುವುದನ್ನೇ ಬಿಟ್ಟು, ಸಂಖ್ಯೆಗಳನ್ನು ಎತ್ತಿ ಸೂತ್ರಕ್ಕೆ ಹಾಕುತ್ತದೆ. ಯಾವ ಸೂತ್ರ ಎಂದು ಆರಿಸುವ ಕೆಲಸವೇ ಅದಕ್ಕೆ ಬೀಳುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದ ವಿಷಯವೂ ಘನಾಕೃತಿಗಳ ಘನಫಲವೇ. ಒಂದೊಂದೇ ಬಗೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಕಲಸಿ ಅಭ್ಯಾಸ ಮಾಡಿದವರು ಶೇ. 60 ಮಾತ್ರ. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರಿಗೆ ಶೇ. 20, ಕಲಸಿ ಮಾಡಿದವರಿಗೆ ಶೇ. 63. ಶಿಕ್ಷಕರು ಮಾಡಬೇಕಾದ ಬದಲಾವಣೆ ಚಿಕ್ಕದು. ಮನೆಗೆಲಸಕ್ಕೆ ಇವತ್ತಿನ ಪಾಠದ ಹತ್ತು ಲೆಕ್ಕ ಕೊಡುವ ಬದಲು ಇವತ್ತಿನವು ನಾಲ್ಕು, ಕಳೆದ ವಾರದವು ಮೂರು, ಅದಕ್ಕೂ ಹಿಂದಿನ ಪಾಠದವು ಮೂರು ಕೊಡಬಹುದು. ಹೊಸ ಪುಸ್ತಕವೂ ಬೇಡ, ಹಣವೂ ಬೇಡ. ತಪ್ಪುಗಳು ಮೊದಲಿಗಿಂತ ಹೆಚ್ಚುತ್ತವೆ, ಪೋಷಕರು ಗಾಬರಿಯಾಗಬಹುದು. ಅದನ್ನು ಮೊದಲೇ ಅವರಿಗೆ ತಿಳಿಸಿರಬೇಕು.

ಈ ಎಲ್ಲ ಕಷ್ಟವೂ ಪಾಠ ಒಮ್ಮೆ ತಿಳಿದ ಮೇಲಿನದು. ಹೊಸ ವಿಷಯ ಮೊದಲ ಸಲ ಎದುರಾದಾಗ ಇದಕ್ಕೆ ತದ್ವಿರುದ್ಧವಾದ ಎಚ್ಚರ ಬೇಕು. ನಾವು ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲ ಹೊಸ ಸಂಗತಿಗಳು ಬಹಳ ಕಡಿಮೆ, ನಾಲ್ಕರ ಆಸುಪಾಸು ಎನ್ನುತ್ತವೆ ಇತ್ತೀಚಿನ ಅಂದಾಜುಗಳು. ಮೇಷ್ಟ್ರು ಬೋರ್ಡಿಗೆ ಮುಖಮಾಡಿ ಲೆಕ್ಕ ಬಿಡಿಸುತ್ತಾ, ಜೊತೆಗೆ ವಿವರಿಸುತ್ತಾ, ಮಕ್ಕಳಿಗೆ ಬರೆದುಕೊಳ್ಳಿ ಎಂದರೆ ಆ ಪುಟ್ಟ ಜಾಗದಲ್ಲಿ ಮೂರು ಕೆಲಸ ನುಗ್ಗುತ್ತವೆ. ಬರೆದುಕೊಳ್ಳುವ ಕೆಲಸ ಹೇಗೋ ನಡೆಯುತ್ತದೆ, ಯೋಚನೆ ಹೊರಗೆ ಬೀಳುತ್ತದೆ. ಪೆನ್ನು ಕೆಳಗಿಡಿಸಿ, ಬಿಡಿಸಿ ತೋರಿಸಿ, ಆಮೇಲೆ ಬರೆಸಬೇಕು. ಸಿಡ್ನಿಯ ಜಾನ್ ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದಂತೆ, ಹೊಸಬರಿಗೆ ಬರಿಯ ಲೆಕ್ಕ ಕೊಟ್ಟು ಹೆಣಗಾಡಲು ಬಿಡುವುದಕ್ಕಿಂತ ಪೂರ್ತಿ ಬಿಡಿಸಿದ ಮಾದರಿಗಳನ್ನು ಕೊಟ್ಟು ಹಂತಹಂತವಾಗಿ ನೋಡಿಸುವುದು ಮೇಲು. ಆಮೇಲೆ ಕೊನೆಯ ಹಂತ ಖಾಲಿ ಬಿಟ್ಟ ಮಾದರಿ, ಆಮೇಲೆ ಕೊನೆಯ ಎರಡು ಹಂತ ಖಾಲಿ, ಕೊನೆಗೆ ಪೂರ್ತಿ ಅವರದೇ.

ಇಂಗ್ಲಿಷ್ ಮಾಧ್ಯಮದ ಕೋಣೆಯಲ್ಲಿ ಕೂತ ಕನ್ನಡದ ಮಗುವಿಗೆ ಇದೇ ಇಕ್ಕಟ್ಟು ಇಮ್ಮಡಿ. ಭಿನ್ನರಾಶಿ ಎಂದರೇನು ಎಂದು ಯೋಚಿಸಬೇಕಾದ ಜಾಗವನ್ನು ವಾಕ್ಯದ ಅರ್ಥ ಹುಡುಕುವುದೇ ನುಂಗಿಬಿಡುತ್ತದೆ. ಕಲ್ಪನೆಯನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಅದು ಕೂತ ಮೇಲೆ ಇಂಗ್ಲಿಷ್ ಪದ ಕೊಡುವ ಶಿಕ್ಷಕರು ಮಗುವಿನ ತಲೆಯಲ್ಲಿ ಜಾಗ ಬಿಡಿಸಿಕೊಡುತ್ತಿದ್ದಾರೆ. ಇದಕ್ಕಾಗಿ ಅವರು ಯಾರಿಗೂ ಹೆದರಬೇಕಿಲ್ಲ.

ಮಗ್ಗಿ ಬಾಯಿಪಾಠ ಮಾಡಿಸಬೇಕೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಾಯಿಪಾಠ ಹಳೆಯ ಕಾಲದ್ದು, ತಿಳಿವಳಿಕೆ ಮುಖ್ಯ ಎನ್ನುವವರ ಕಾಳಜಿ ನಿಜವಾದದ್ದು. ಆದರೆ ಏಳೆಂಟ್ಲ ಎಷ್ಟು ಎಂದು ಬೆರಳು ಮಡಿಸಿ ಕೂಡುತ್ತಾ ಕೂತ ಮಗುವಿಗೆ ಲೆಕ್ಕದ ಉಳಿದ ಹಂತಗಳನ್ನು ಮನಸ್ಸಿನಲ್ಲಿ ಹಿಡಿಯಲು ಜಾಗ ಉಳಿಯುವುದಿಲ್ಲ. ಮಗ್ಗಿ ಬಾಯಿಗೆ ಬಂದರೆ ಜಾಗ ತೆರವಾಗುತ್ತದೆ. ತೊಂದರೆ ಇರುವುದು ಹೇಳಿಸುವ ರೀತಿಯಲ್ಲಿ. ರಾಗವಾಗಿ ಒಂದರಿಂದ ಹತ್ತರವರೆಗೆ ಹೇಳಿಸುತ್ತಲೇ ಇದ್ದರೆ ಮಗುವಿಗೆ ಕೂರುವುದು ಸರಪಣಿ. ಏಳೆಂಟ್ಲ ಬೇಕಾದಾಗ ಅದು ಏಳೊಂದ್ಲ ಏಳರಿಂದ ಹತ್ತಿಕೊಂಡು ಬರುತ್ತದೆ. ತುಟಿ ಅಲುಗುವುದನ್ನು ನೋಡಿದರೆ ಗೊತ್ತಾಗುತ್ತದೆ. ರಾಗ ಕಲಿಸಿದ ಮೇಲೆ ಅದನ್ನು ಮುರಿಯಬೇಕು: ಆರೊಂಬತ್ಲ? ಏಳ್ನಾಕ್ಲ? ಐವತ್ತಾರು ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ?

ಕೈಬಿಡಬೇಕಾದ ಒಂದು ನಂಬಿಕೆಯನ್ನೂ ಹೇಳಿಬಿಡುತ್ತೇನೆ. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು, ಆಯಾ ಮಗುವಿಗೆ ಆಯಾ ಶೈಲಿಯಲ್ಲೇ ಕಲಿಸಬೇಕು ಎಂಬ ಮಾತು ತರಬೇತಿಗಳಲ್ಲಿ ಇನ್ನೂ ಓಡಾಡುತ್ತಿದೆ. ಹೆರಾಲ್ಡ್ ಪಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು 2008ರಲ್ಲಿ ಅದುವರೆಗಿನ ಸಂಶೋಧನೆಗಳನ್ನು ಜಾಲಾಡಿದಾಗ, ಹಾಗೆ ವಿಂಗಡಿಸಿ ಕಲಿಸಿದರೆ ಲಾಭವಿದೆ ಎನ್ನಲು ತಕ್ಕ ಆಧಾರ ಸಿಗಲಿಲ್ಲ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು, ಛಂದಸ್ಸಿನ ಲಯವನ್ನು ಎಲ್ಲರೂ ಕೇಳಿಯೇ ಹಿಡಿಯಬೇಕು.

ಪೀರಿಯಡ್‌ನ ಮೊದಲಿಗೆ ಕೇಳುವ ಆ ಮೂರು ಪ್ರಶ್ನೆಗಳಿಗೆ ಮರಳಿದರೆ, ಅವು ಎಂಥವು ಎನ್ನುವುದರ ಮೇಲೂ ಬಹಳಷ್ಟು ನಿಂತಿದೆ. ಬಿಟ್ಟ ಸ್ಥಳ ತುಂಬಿಸುತ್ತಲೇ ಹೋದರೆ ಒಂದು ಪದದ ನೆನಪಷ್ಟೇ ಬೆಳೆಯುತ್ತದೆ. ಮೂರರಲ್ಲಿ ಒಂದಾದರೂ 'ಏಕೆ', 'ಹೇಗೆ', 'ಇಲ್ಲದಿದ್ದರೆ ಏನಾಗುತ್ತಿತ್ತು' ಎಂಬ ಬಗೆಯದಿರಲಿ. ಟಿಪ್ಪು ಯಾವ ವರ್ಷ ಮಡಿದ ಎಂಬುದಕ್ಕೆ 1799 ಎಂಬ ಉತ್ತರ ಬೇಕು, ನಿಜ. ಅದರ ಬೆನ್ನಿಗೇ ಆ ವರ್ಷದ ನಂತರ ಮೈಸೂರಿನ ಆಡಳಿತ ಯಾರ ಕೈಗೆ ಹೋಯಿತು, ಬ್ರಿಟಿಷರು ತಾವೇ ಪೂರ್ತಿ ಆಳದೆ ಒಡೆಯರ ಮನೆತನವನ್ನು ಮತ್ತೆ ಕೂರಿಸಿದ್ದೇಕೆ ಎಂದೂ ಕೇಳಬೇಕು. ಇಂಥ ಪ್ರಶ್ನೆಗಳು ಪೀರಿಯಡ್ ಶುರುವಾಗುವಾಗ ಹೊಳೆಯುವುದಿಲ್ಲ. ಪಾಠ ಟಿಪ್ಪಣಿ ಬರೆಯುವಾಗಲೇ ಪ್ರತಿ ಪಾಠಕ್ಕೆ ಹತ್ತು ಪ್ರಶ್ನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಕೇಳಿದ ದಿನಾಂಕವನ್ನೂ ಹೆಚ್ಚು ಮಕ್ಕಳು ಎಡವಿದ್ದನ್ನೂ ಗುರುತು ಹಾಕಿಕೊಂಡರೆ, ಮುಂದಿನ ವರ್ಷಕ್ಕೆ ಆ ಪುಸ್ತಕವೇ ದೊಡ್ಡ ಆಸರೆ.

ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಈ ಅಭ್ಯಾಸ ಮನೆಯಲ್ಲೂ ನಡೆಯುತ್ತದೆ, ಅದಕ್ಕೆ ಅಪ್ಪ ಅಮ್ಮ ಓದಿದವರಾಗಿರಬೇಕಿಲ್ಲ. ಪುಸ್ತಕ ಹಿಡಿದು ಒಂದು ಗಂಟೆ ಕೂತೆಯಾ ಎಂದು ಕೇಳುವುದಕ್ಕಿಂತ, ರೊಟ್ಟಿ ತಟ್ಟುತ್ತಲೇ "ಇವತ್ತು ಏನು ಹೇಳಿಕೊಟ್ರು, ನನಗೂ ಹೇಳು" ಎನ್ನಬಹುದು. ಮಗು ಪುಸ್ತಕ ನೋಡದೆ ಹೇಳಬೇಕು. ಎಲ್ಲಿ ತಡವರಿಸುತ್ತದೋ ಅಲ್ಲಿ ತಾನೇ ಪುಸ್ತಕ ತೆರೆದು ನೋಡಿಕೊಂಡು, ಮುಚ್ಚಿ, ಮತ್ತೆ ಹೇಳಬೇಕು. ತಡವರಿಸಿದ್ದಕ್ಕೆ ಬೈಯಬಾರದು. ಅದೇ ವಿಷಯವನ್ನು ಎರಡು ದಿನ ಬಿಟ್ಟು ಇನ್ನೊಮ್ಮೆ, ಮುಂದಿನ ಭಾನುವಾರ ಮತ್ತೊಮ್ಮೆ ಕೇಳಿದರೆ ಸಾಕು.